ಸುಳ್ಳು ಆರೋಪ ಹೊತ್ತವರಿಗಾಗಿ ಒಂದು ವಾರದ ಬೈಬಲ್ ಧ್ವನಿಪಾಠ: ವಿಮರ್ಶೆ

ಬೈಬಲ್ ಓದುವ ಮೊಬೈಲ್ ಆ್ಯಪ್‌ಗಳಲ್ಲಿ ವಿಷಯಕ್ಕೊಂದರಂತೆ ದಿನದ ಪಾಠಗಳನ್ನು ಜೋಡಿಸಿ ಕೊಡುವ ಪದ್ಧತಿಯಿದೆ. ಅನ್ಯಾಯಕ್ಕೂ ಸುಳ್ಳು ಆರೋಪಕ್ಕೂ ಗುರಿಯಾದವರು ದೇವರಲ್ಲಿ ಭರವಸೆ ಇಡುವುದು ಹೇಗೆಂಬ ವಿಷಯದ ಮೇಲೆ ಸಿದ್ಧಪಡಿಸಿದ ಅಂಥದೊಂದು ಧ್ವನಿಪಾಠವನ್ನು, ನನ್ನ ಮೇಲಿನ ದೂರಿನ ವಿಚಾರಣೆ ಇನ್ನೂ ನಡೆಯುತ್ತಿದ್ದಾಗ ಪೂರ್ತಿಯಾಗಿ ಕೇಳಿದೆ. ಮೊದಲ ಭಾಗ ಬಹಳ ಚೆನ್ನಾಗಿದೆ. ಉಳಿದದ್ದು ಕೇಳುವವರನ್ನು ಬೇಗನೆ ಸುಮ್ಮನಾಗಿಸುವ ಆತುರದಲ್ಲಿದೆ.

ಪಾಠವನ್ನು ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಿಂದ ಆರಂಭಿಸಿರುವುದು ಸರಿಯಾದ ಆಯ್ಕೆ. 7ನೆಯ ಕೀರ್ತನೆಯಲ್ಲಿ ಇಸ್ರಾಯೇಲಿನ ಅರಸ ದಾವೀದನು ತಾನು ನಿರಪರಾಧಿ ಎಂದು ಹೇಳಿ ನಿಲ್ಲುವುದಿಲ್ಲ; ತನ್ನಿಂದ ಅನ್ಯಾಯವಾಗಿದ್ದರೆ ಶತ್ರುವು ತನ್ನನ್ನು ಹಿಂದಟ್ಟಿ ಹಿಡಿದು ನೆಲಕ್ಕೆ ಹಾಕಿ ತುಳಿಯಲಿ ಎನ್ನುತ್ತಾ, ದೇವರನ್ನೇ ನ್ಯಾಯಾಧಿಪತಿಯೆಂದು ಕರೆದು ತನ್ನ ವ್ಯಾಜ್ಯವನ್ನು ಆತನ ಮುಂದಿಡುತ್ತಾನೆ. 35ನೆಯ ಕೀರ್ತನೆಯಲ್ಲಿ ಸುಳ್ಳುಸಾಕ್ಷಿಗಳು ಎದ್ದುನಿಂತು ತನಗೆ ಗೊತ್ತೇ ಇಲ್ಲದ ಸಂಗತಿಗಳ ಬಗ್ಗೆ ಪ್ರಶ್ನಿಸುತ್ತಾರೆಂದೂ, 69ರಲ್ಲಿ ತಾನು ಕದಿಯದ್ದನ್ನು ಹಿಂದಿರುಗಿಸಬೇಕಾಗಿದೆಯೆಂದೂ ಹಾಡಿದವನು ಗೋಳಾಡುತ್ತಾನೆ. ಮಾಡದ ಕೆಲಸಕ್ಕೆ ಲಿಖಿತ ವಿವರಣೆ ಕೊಡಬೇಕಾಗಿ ಬಂದವರಿಗೆ ಈ ಸಾಲುಗಳ ನಿಖರತೆ ಕೂಡಲೇ ಅರ್ಥವಾಗುತ್ತದೆ. ಓದುವವರ ಧ್ವನಿಯಲ್ಲಿ ನಾಟಕೀಯತೆ ಇಲ್ಲ, ಕೀರ್ತನೆ ಮುಗಿದ ಮೇಲೆ ಸಂಗೀತವಿಲ್ಲದ ಒಂದು ಬಿಡುವನ್ನೂ ಕೊಟ್ಟಿದ್ದಾರೆ. (ಮುಂದಿನ ಪಾಠಗಳಲ್ಲಿ ಹಿನ್ನೆಲೆ ವಾದ್ಯ ಮಾತನ್ನೇ ನುಂಗುವಷ್ಟು ಜೋರಾಗಿದೆ.)

ಐಗುಪ್ತದಲ್ಲಿ (ಈಜಿಪ್ಟ್) ಗುಲಾಮನಾಗಿದ್ದ ಯೋಸೇಫನ ಪಾಠದಿಂದ ಹಳಿ ತಪ್ಪುತ್ತದೆ. ಯಜಮಾನ ಪೋಟೀಫರನ ಹೆಂಡತಿ ತನ್ನ ಮೇಲೆ ಕೈಹಾಕಲು ಬಂದನೆಂದು ದೂರಿ ಯೋಸೇಫನ ಬಟ್ಟೆಯನ್ನೇ ಸಾಕ್ಷಿಯಾಗಿಸಿದ್ದು, ಅವನು ಸೆರೆಮನೆ ಸೇರಿದ್ದು, ಕೊನೆಗೆ ಐಗುಪ್ತದ ಅಧಿಕಾರಿಯಾದದ್ದು, ಇವೆಲ್ಲ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ನಡುವೆ ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ 40ನೆಯ ಅಧ್ಯಾಯವೇ ಇಲ್ಲ. ಅಲ್ಲಿ ಯೋಸೇಫನು ತನ್ನ ಜೊತೆ ಸೆರೆಯಲ್ಲಿದ್ದ, ಐಗುಪ್ತದ ಅರಸ ಫರೋಹನ ಪಾನದಾಯಕನಿಗೆ, ಫರೋಹನ ಬಳಿ ನನ್ನ ವಿಷಯ ತಿಳಿಸಿ ಇಲ್ಲಿಂದ ಬಿಡಿಸು, ಸೆರೆಗೆ ಹಾಕಿಸಿಕೊಳ್ಳುವಂಥದ್ದೇನೂ ನಾನು ಮಾಡಿಲ್ಲ ಎಂದು ಬೇಡಿಕೊಳ್ಳುತ್ತಾನೆ. ಬಿಡುಗಡೆಯಾಗಿ ಹೋದವನು ಅವನನ್ನು ಮರೆತುಬಿಡುತ್ತಾನೆ, ಆಮೇಲೆ ಪೂರ್ತಿ ಎರಡು ವರ್ಷ ಕಳೆಯುತ್ತದೆ. ವಿಚಾರಣೆಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇರುವವರಿಗೆ ಬೇಕಾದದ್ದು ಅರಮನೆಗಿಂತ ಹೆಚ್ಚಾಗಿ ಆ ಎರಡು ವರ್ಷ.

ಯೇಸುವಿನ ಮೌನದ ಕುರಿತ ಪಾಠವೂ ಹೀಗೆಯೇ ಅರ್ಧ ಹೇಳುತ್ತದೆ. ಸುಳ್ಳುಸಾಕ್ಷಿಗಳ ಮುಂದೆ ಆತನು ಸುಮ್ಮನಿದ್ದದ್ದು ನಿಜ. ಆದರೆ ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ವಿಚಾರಣೆಯಲ್ಲಿ ಓಲೇಕಾರನು (ಕಾವಲಿನವನು) ಕಪಾಳಕ್ಕೆ ಹೊಡೆದಾಗ, ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದವನೂ ಆತನೇ. ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲನ ಪ್ರಸಂಗವಂತೂ ಇಲ್ಲವೇ ಇಲ್ಲ. ರೋಮಿನ ಅಧಿಪತಿ ಫೇಲಿಕ್ಸನು ಎರಡು ವರ್ಷ ಸೆರೆಯಲ್ಲೇ ಬಿಟ್ಟುಹೋದ ಪೌಲನು ಅವನ ನಂತರ ಬಂದ ಫೆಸ್ತನ ಮುಂದೆ, ಮರಣಕ್ಕೆ ಯೋಗ್ಯವಾದ ತಪ್ಪು ಮಾಡಿದ್ದರೆ ಸಾಯಲು ಸಿದ್ಧ, ಮಾಡದಿದ್ದರೆ ದೂರು ಹೊರಿಸಿದ ಇವರಿಗೆ ನನ್ನನ್ನು ಒಪ್ಪಿಸುವ ಹಕ್ಕು ಯಾರಿಗೂ ಇಲ್ಲ ಎಂದು ಹೇಳಿ ರೋಮಿನ ಚಕ್ರವರ್ತಿ ಕೈಸರನಿಗೆ ಮನವಿ ಸಲ್ಲಿಸುತ್ತಾನೆ. ದಾವೀದನು ದೇವರ ಮುಂದೆ ಹೇಳಿದ್ದನ್ನೇ ಪೌಲನು ನ್ಯಾಯಾಸನದ ಮುಂದೆ ಹೇಳಿದ್ದಾನೆ. ಇವೆರಡನ್ನು ಜೋಡಿಸಿದ್ದರೆ, ದೇವರನ್ನು ನಂಬಿದವನು ವಕೀಲರನ್ನು ಕಾಣುವುದು ಅಪನಂಬಿಕೆಯೋ ಎಂಬ ಅಳುಕು ತಾನಾಗಿಯೇ ಕರಗುತ್ತಿತ್ತು.

ದ್ರಾಕ್ಷಿತೋಟವೊಂದರ ಒಡೆಯನಾಗಿದ್ದ ನಾಬೋತನ ಕಥೆಯನ್ನು ಪಾಠದಲ್ಲಿ ಬಿಟ್ಟದ್ದಕ್ಕೆ ಕಾರಣ ಊಹಿಸಬಲ್ಲೆ. ಆ ತೋಟಕ್ಕಾಗಿ ಅರಸ ಅಹಾಬನ ಹೆಂಡತಿ ಈಜೆಬೆಲಳು ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ; ಪ್ರವಾದಿ ಎಲೀಯನು ದೇವರ ತೀರ್ಪನ್ನು ಅಹಾಬನಿಗೆ ಸಾರುವ ಹೊತ್ತಿಗೆ ನಾಬೋತ ಬದುಕಿಲ್ಲ. ಸುಖಾಂತ್ಯವಿಲ್ಲದ ಈ ಕಥೆಯನ್ನು ಮುಟ್ಟದೆ ಭರವಸೆಯ ಮಾತಾಡುವುದು ಸುಲಭ, ಆದರೆ ಆ ಭರವಸೆ ತೆಳುವಾಗಿರುತ್ತದೆ.

ಪಾಠದ ಪಠ್ಯರೂಪ ಇಲ್ಲ, ವಚನಗಳ ಸಂಖ್ಯೆಯೂ ತೆರೆಯ ಮೇಲೆ ಬರುವುದಿಲ್ಲ; ಹಾಗಾಗಿ ಬೈಬಲನ್ನು ಪಕ್ಕದಲ್ಲಿಟ್ಟುಕೊಂಡೇ ಕೇಳಬೇಕು. ಕೀರ್ತನೆಗಳ ಪಾಠಗಳನ್ನು ಆರೋಪ ಹೊತ್ತ ಯಾರಿಗಾದರೂ ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಯೋಸೇಫನ ಪಾಠ ಬಂದಾಗ ಆ್ಯಪ್ ನಿಲ್ಲಿಸಿ, ಆದಿಕಾಂಡದ 39ರಿಂದ 41ರವರೆಗೂ ಪೌಲನ ಪ್ರಸಂಗವಿರುವ ಅಪೊಸ್ತಲರ ಕೃತ್ಯಗಳ 24, 25ನೆಯ ಅಧ್ಯಾಯಗಳನ್ನೂ ಸ್ವತಃ ಓದಿಕೊಳ್ಳುವುದು ಮೇಲು.