ಬುಸಿಯಾ ಗಡಿ: ನಾಲ್ಕು ಸ್ಟಾರ್, ಆರು ಸೀಲು

ನಾನಿರುವುದು ಉಗಾಂಡಾದ ಜಿಂಜಾದಲ್ಲಿ. ಸಣ್ಣದೊಂದು ಪಾತ್ರೆ ಅಂಗಡಿ ಇದೆ. ತಿಂಗಳಿಗೊಮ್ಮೆ ಕೀನ್ಯಾದ ಕಿಸುಮುಗೆ ಹೋಗಿ ಸಾಮಾನು ತರುತ್ತೇನೆ. 2014ರಿಂದ ಇದೇ ದಾರಿ, ಎರಡು ದೇಶಗಳ ನಡುವಿನ ಬುಸಿಯಾ ಗಡಿ ದಾಟಿಯೇ ಹೋಗಬೇಕು. ಆ ಗಡಿಗೆ ನಾನು ಕೊಡುವುದು ನಾಲ್ಕು ಸ್ಟಾರ್. ವೀಸಾ, ಪರ್ಮಿಟ್ ಬಗ್ಗೆ ಬರೆಯಲ್ಲ, ಈ ಕಡೆ ಓಡಾಡುವವರಿಗೆ ಅದು ಗೊತ್ತೇ ಇರುತ್ತೆ.

ಮೊದಲು ಎರಡೆರಡು ಸಾಲು. ಕೀನ್ಯಾ ಕಡೆ ನಿಂತು ಹೊರಗೆ ಹೋಗುವ ಸೀಲು, ನಡೆದು ಬಂದು ಉಗಾಂಡಾ ಕಡೆ ಒಳಗೆ ಬರುವ ಸೀಲು. ಈ ನಡುವಿನ ದಾರಿಗೆ ಜನ ಕೂರಿಸಿಕೊಂಡು ಹೋಗುತ್ತಿದ್ದ ಸೈಕಲ್‌ನವರು 'ಬಾರ್ಡರ್ ಬಾರ್ಡರ್' ಅಂತ ಕೂಗುತ್ತಿದ್ದರಂತೆ. ಅದೇ 'ಬೋಡ ಬೋಡ' ಆಗಿ, ಈಗ ಇಲ್ಲಿನ ಬೈಕ್ ಟ್ಯಾಕ್ಸಿಗೆಲ್ಲ ಅದೇ ಹೆಸರು.

2018ರಲ್ಲಿ ಆಗಿನ ಕೀನ್ಯಾ ಅಧ್ಯಕ್ಷ ಕೆನ್ಯಾಟಾ, ಉಗಾಂಡಾ ಅಧ್ಯಕ್ಷ ಮುಸೆವೆನಿ ಇಬ್ಬರೂ ಬಂದು ಹೊಸ ವ್ಯವಸ್ಥೆ ಉದ್ಘಾಟಿಸಿದರು. ಬ್ರಿಟನ್, ಕೆನಡಾ ಕೊಟ್ಟ ದುಡ್ಡು, ಟ್ರೇಡ್‌ಮಾರ್ಕ್ ಈಸ್ಟ್ ಆಫ್ರಿಕಾ ಸಂಸ್ಥೆಯ ಮೂಲಕ ಆದ ಕೆಲಸ. ಬಿಟ್ಟು ಹೋಗುವ ದೇಶದಲ್ಲಿ ಈಗ ನಿಲ್ಲುವುದೇ ಬೇಡ. ಮೊದಲ ಸಲ ಕೀನ್ಯಾ ಕಟ್ಟಡದ ಮುಂದೆ ಸುಮ್ನೆ ನಡೆದು ಹೋಗುವಾಗ ಕಳ್ಳನ ಹಾಗೆ ಅನ್ನಿಸಿ ಎರಡು ಸಲ ತಿರುಗಿ ನೋಡಿದ್ದೆ. ಯಾರೂ ಕರೆಯಲಿಲ್ಲ.

ಉಗಾಂಡಾ ಕಡೆಯ ಹಾಲ್‌ನಲ್ಲಿ ಎರಡೂ ದೇಶದವರು ಅಕ್ಕಪಕ್ಕ ಕೂತಿರುತ್ತಾರೆ. ಪಾಸ್‌ಪೋರ್ಟ್ ಒಳಗೆ ಹಳದಿ ಜ್ವರದ ಲಸಿಕೆ ಕಾರ್ಡು ಸಿಕ್ಕಿಸಿ ಕೊಡುತ್ತೇನೆ. ಇಲ್ಲಿ ಟಪ್, ಪಕ್ಕದಲ್ಲಿ ಟಪ್. ಮುಗೀತು. ಹೊರಗೆ ಬಂದು ರೊಲೆಕ್ಸ್ ತಿನ್ನುತ್ತೇನೆ. ವಾಚ್ ಅಲ್ಲ, ಚಪಾತಿಯೊಳಗೆ ಆಮ್ಲೆಟ್ ಸುತ್ತಿ ಕೊಡುವ ತಿಂಡಿ. ಮೊಟ್ಟೆಗೆ ಎಲೆಕೋಸು, ಟೊಮೆಟೊ ಹೆಚ್ಚಿ ಹಾಕಿರುತ್ತಾರೆ. ಜೇಬಿನ ಪೊಟ್ಟಣದಿಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಳ್ಳುತ್ತೇನೆ. ಅಂಗಡಿಯವನು ಈಗ ನನ್ನನ್ನು ನೋಡಿದರೆ ಚಪಾತಿ ಸುತ್ತುವುದಕ್ಕೆ ಮುಂಚೆ ಕೈ ತಡೆದು ಕಾಯುತ್ತಾನೆ.

ಇಷ್ಟು ಚೆನ್ನಾಗಿದ್ದರೂ ಒಂದು ಕೊಕ್ಕೆ ಇದೆ. 2019ರಲ್ಲಿ ನನಗೆ ಗೊತ್ತಾಯಿತು. ಎರಡೂ ಸೀಲು ಬಿದ್ದಾಗಿತ್ತು. ಕಸ್ಟಮ್ಸ್ ಮೇಜಿನ ಹತ್ತಿರ ಚೀಲ ತಡಕಿದರೆ ಮಿಕ್ಸಿ ಜಾರ್‌ಗಳ ಬಿಲ್ ಇಲ್ಲ. ಕೀನ್ಯಾ ಕಡೆ ಚಹಾ ಕುಡಿದ ಮೇಜಿನ ಮೇಲೆ ಬಿಟ್ಟಿದ್ದೆ. ಅಂಗಡಿ ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ನಾನಾಗಲೇ ಕೀನ್ಯಾ ಬಿಟ್ಟವನು! ವಾಪಸ್ ಹೋಗಬೇಕಾದರೆ ಆ ಕಡೆಯ ಹಾಲ್‌ಗೆ ಹೋಗಿ, ಉಗಾಂಡಾ ಬಿಡುವ ಸೀಲು, ಕೀನ್ಯಾ ಸೇರುವ ಸೀಲು. ಮತ್ತೆ ಬಂದು ಇನ್ನೆರಡು. ಒಂದೇ ಮಧ್ಯಾಹ್ನಕ್ಕೆ ಆರು ಸೀಲು. ಅಧಿಕಾರಿ ನಕ್ಕು "ಪೊಲೆ ಸಾನ" ಅಂದರು, ಸ್ವಾಹಿಲಿಯಲ್ಲಿ ಪಾಪ ಅಂತ. ಹಳೇ ಪದ್ಧತಿಯಲ್ಲಾದರೆ ಕೀನ್ಯಾದಲ್ಲಿ ಮೊದಲು ತಡೆಯುತ್ತಿದ್ದರು, ಬಿಲ್ ಅಲ್ಲೇ ನೆನಪಾಗುತ್ತಿತ್ತು ಅಲ್ವಾ?

ಬಿಲ್ ತಂದ ಮೇಲೆ ಇನ್ನೊಂದು ಪೆಟ್ಟು. ಸಣ್ಣ ವ್ಯಾಪಾರಿಗಳಿಗೆ ಸರಳ ಪದ್ಧತಿ ಇದೆ. 2,000 ಡಾಲರ್ ಒಳಗಿನ ಸಾಮಾನಿಗೆ ಒಂದು ಸರಳ ಪ್ರಮಾಣಪತ್ರ ಸಾಕು, ಆಮದು ಸುಂಕ ಇಲ್ಲ. ಆದರೆ ಅದು ಕೀನ್ಯಾ, ಉಗಾಂಡಾ ಸೇರಿರುವ ಪೂರ್ವ ಆಫ್ರಿಕಾ ಸಮುದಾಯದ ದೇಶಗಳಲ್ಲಿ ತಯಾರಾಗಿ ಪಟ್ಟಿಯಲ್ಲಿರುವ ಸಾಮಾನಿಗೆ ಮಾತ್ರ. ಕೀನ್ಯಾದ ಸೋಪು ಹಾಗೇ ಬಂತು. ನನ್ನ ಜಾರ್‌ಗಳ ತಳದಲ್ಲಿ 'ಮೇಡ್ ಇನ್ ಇಂಡಿಯಾ' ಅಂತಿತ್ತು. ನಮ್ಮೂರಿನ ಮಾಲಿಗೇ ಸುಂಕ ಕಟ್ಟಿ ಮನೆಗೆ ಬಂದೆ.

ಹೊಸೂರು ಕಡೆ ಲಾರಿಯಲ್ಲಿ ಓಡಾಡಿದವರಿಗೆ ಅತ್ತಿಬೆಲೆ ಚೆಕ್‌ಪೋಸ್ಟ್ ನೆನಪಿರಬೇಕು. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆ ತಪಾಸಣೆಯ ಸಾಲು ಹೋಯಿತು. ಇಲ್ಲಿ ಇದು ಎರಡು ದೇಶದ ಗಡಿ, ಅಷ್ಟು ಆಸೆ ಪಡಲಾರೆ. ಆದರೂ ಒಂದು ಸಾಲು ಕಡಿಮೆಯಾದದ್ದು ಕಡಿಮೆಯಾದದ್ದೇ.

ಈಗ ಜಾರ್ ಜಿಂಜಾದಲ್ಲೇ ಕೊಳ್ಳುತ್ತೇನೆ. ಬಿಲ್‌ಗಳನ್ನು ಚಟ್ನಿಪುಡಿ ಪೊಟ್ಟಣದ ಜೊತೆ ಅಂಗಿ ಜೇಬಿನಲ್ಲಿಡುತ್ತೇನೆ. ಸ್ವಲ್ಪ ಎಣ್ಣೆ ಜಿಡ್ಡು ಹತ್ತುತ್ತೆ, ಕಸ್ಟಮ್ಸ್‌ನವರು ಈವರೆಗೆ ಏನೂ ಅಂದಿಲ್ಲ.