ಹಳೆ ಪಿಕಪ್‌ನ ಎಸಿ ಕಂಪ್ರೆಸರ್: ಗ್ಯಾಸ್ ಹಾಕಿ ನೋಡೋದಾ, ಗೇಜಾ, ಮಲ್ಟಿಮೀಟರಾ?

ಎಸಿ ಕೂಲಿಂಗ್ ಇಲ್ಲ ಅಂತ ಹೋದರೆ ಅಂಗಡಿಯಲ್ಲಿ ಮೊದಲು ಸಿಗುವ ಉತ್ತರ "ಗ್ಯಾಸ್ ಹಾಕಿ ನೋಡೋಣ ಸಾರ್". ಸ್ವಲ್ಪ ತಿಳಿದವರಾದರೆ ಗ್ಯಾಸಿನ ಪ್ರೆಶರ್ ತೋರಿಸುವ ಎರಡು ಮುಳ್ಳಿನ ಗೇಜ್ ಹಾಕುತ್ತಾರೆ. ಮೂರನೇ ದಾರಿ, ನಾವೇ ವೋಲ್ಟೇಜ್, ಓಮ್ ಅಳೆಯುವ ಮಲ್ಟಿಮೀಟರ್ ಹಿಡಿದು, ಗ್ಯಾಸನ್ನು ಒತ್ತಿ ಪಂಪ್ ಮಾಡುವ ಕಂಪ್ರೆಸರ್ ಮುಂದೆ ಕೂರುವುದು. ನನ್ನ ಹಳೆ ಡಬಲ್ ಕ್ಯಾಬಿನ್ ಪಿಕಪ್ ಮೇಲೆ ಈ ಮೂರೂ ಆಗಿವೆ. ನನ್ನ ಓಟು ಮೂರನೆಯದಕ್ಕೆ, ಆದರೆ ಗೇಜ್ ಇಲ್ಲದೆ ಪೂರ್ತಿ ಕೆಲಸ ಆಗುವುದಿಲ್ಲ.

ತೊಂದರೆ ಇಷ್ಟೇ. ಬೆಳಿಗ್ಗೆ ಹುಬ್ಬಳ್ಳಿ ಬಿಡುವಾಗ ಒಳ್ಳೆ ತಂಪು, ಗದಗ ದಾಟಿ ಕೊಪ್ಪಳದ ಕಡೆ ಬಿಸಿಲು ಏರಿದ ಮೇಲೆ ಬರೀ ಬಿಸಿ ಗಾಳಿ. ನೆರಳಲ್ಲಿ ಬೋನೆಟ್ ಎತ್ತಿಟ್ಟು ಊಟ ಮುಗಿಸಿ ಬಂದರೆ ಮತ್ತೆ ಸರಿ.

ಗ್ಯಾಸ್ ಹಾಕಿಸಿದ್ದರಿಂದ ಏನೂ ತಿಳಿಯಲಿಲ್ಲ. ಎಸಿ ಗ್ಯಾಸ್ ಡೀಸೆಲ್ ಥರ ಖರ್ಚಾಗುವುದಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಕಡಿಮೆಯಾಗದೆ ಇದ್ದಾಗ ಅಂದಾಜಿನ ಮೇಲೆ ತುಂಬಿದರೆ ಪ್ರೆಶರ್ ಏರಿ ಕಂಪ್ರೆಸರ್‌ಗೆ ಸುಮ್ನೆ ಭಾರ. ಎಷ್ಟು ಗ್ರಾಂ ಅಂತ ಸಾಮಾನ್ಯವಾಗಿ ಬೋನೆಟ್ ಕೆಳಗಿನ ಸ್ಟಿಕರ್‌ನಲ್ಲೇ ಬರೆದಿರುತ್ತದೆ, ತೂಕ ಮಾಡಿ ಹಾಕುವವರು ಮಾತ್ರ ಕಡಿಮೆ.

ಗೇಜ್ ವಿಷಯ ಬೇರೆ. ಆದರೆ ಒಂದು ಕಡೆ ಎಲ್ಲರೂ ಎಡವುತ್ತಾರೆ. ಇಂಜಿನ್ ಆಫ್ ಇದ್ದಾಗ, 30 ಡಿಗ್ರಿ ವಾತಾವರಣದಲ್ಲಿ, ಆರ್-134ಎ ಗ್ಯಾಸ್ ಇರುವ ಗಾಡಿಯಲ್ಲಿ ಎರಡೂ ಮುಳ್ಳು ಸುಮಾರು 97 ಪಿಎಸ್‌ಐ (ಪ್ರೆಶರ್ ಅಳತೆ) ತೋರಿಸುತ್ತವೆ. ಅದನ್ನು ನೋಡಿ "ಗ್ಯಾಸ್ ಫುಲ್ ಇದೆ" ಅನ್ನುತ್ತಾರೆ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸಾಕು, ಅರ್ಧ ಸೋರಿದ್ದರೂ ಅದೇ 97 ಬರುತ್ತದೆ. ಓಡುವಾಗಿನ ಲೆಕ್ಕವೇ ಲೆಕ್ಕ. ನಮ್ಮ ಬಿಸಿಲಿಗೆ ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) 30–45, ಹೈ ಸೈಡ್ (ಅದು ಒತ್ತಿ ಕಳಿಸುವ ಕಡೆ) 200–250ರ ಆಸುಪಾಸು ಇದ್ದರೆ ಚಿಂತೆ ಇಲ್ಲ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್‌ನಲ್ಲಿ ಧೂಳು ಕಟ್ಟಿದೆ, ಫ್ಯಾನ್ ಕೈಕೊಟ್ಟಿದೆ. ಲೋ ಸೈಡ್ ಮೇಲೇರಿ ಹೈ ಸೈಡ್ ಕೆಳಗಿಳಿದು, ಕ್ಲಚ್ (ಕರೆಂಟ್ ಕೊಟ್ಟಾಗ ಮ್ಯಾಗ್ನೆಟ್‌ನಿಂದ ಪ್ಲೇಟನ್ನು ಪುಲ್ಲಿಗೆ ಎಳೆದು ಕಂಪ್ರೆಸರ್ ತಿರುಗಿಸುವ ಭಾಗ) ಹಿಡಿದಿದ್ದರೂ ಹಾಗೇ ನಿಂತರೆ, ಆಗ ಕಂಪ್ರೆಸರ್ ಮೇಲೆ ಅನುಮಾನ ಪಡಬಹುದು.

ನನ್ನ ಗಾಡಿಗೆ ಅಂಗಡಿಯ ನೆರಳಲ್ಲಿ ಗೇಜ್ ಹಾಕಿದಾಗ ಎಲ್ಲ ಸರಿಯಾಗಿಯೇ ಇತ್ತು. ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ಬಂದು ಹಾಕಿದರೆ ಎರಡು ಮುಳ್ಳೂ ಒಂದೇ ಕಡೆ ಬಂದು ನಿಂತವು. ಅಂದರೆ ಕಂಪ್ರೆಸರ್ ಪಂಪ್ ಮಾಡುತ್ತಿಲ್ಲ. "ಕಂಪ್ರೆಸರ್ ಹೋಯ್ತು, ಹೊಸದೇ ಹಾಕಬೇಕು" ಅನ್ನುವ ಮಾತು ಅಲ್ಲೇ ಬಂತು. ಆದರೆ ಒಳಗಿನ ಪಿಸ್ಟನ್ ಸೋತಿದೆಯಾ, ಹೊರಗಿನ ಕ್ಲಚ್ ಹಿಡಿಯುತ್ತಿಲ್ಲವಾ ಅನ್ನುವುದನ್ನು ಮುಳ್ಳು ಹೇಗೆ ಹೇಳೀತು? ಬಗ್ಗಿ ನೋಡಿದರೆ ಪುಲ್ಲಿ ತಿರುಗುತ್ತಿತ್ತು, ಅದರ ಮುಂದಿನ ಪ್ಲೇಟ್ ಸುಮ್ಮನೆ ನಿಂತಿತ್ತು. ಅಂದರೆ ಕ್ಲಚ್ಚೇ ಹಿಡಿದಿರಲಿಲ್ಲ.

ಇಲ್ಲಿಂದ ಮುಂದೆ ಮಲ್ಟಿಮೀಟರ್ ಕೆಲಸ. ಮೊದಲು ಎಸಿ ಆನ್ ಇಟ್ಟು ಕ್ಲಚ್ ವೈರಿನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 13.8 ಇದ್ದು ಇಲ್ಲಿ 10.5 ಬಂದರೆ ರಿಲೇ, ಕನೆಕ್ಟರ್, ಅರ್ಥಿಂಗ್ ಕಡೆ ಹುಡುಕಬೇಕು. ನನಗೆ ವೋಲ್ಟೇಜ್ ಸರಿಯಾಗಿ ಬರುತ್ತಿತ್ತು. ಆಮೇಲೆ ಇಂಜಿನ್ ಆಫ್ ಮಾಡಿ, ಕನೆಕ್ಟರ್ ತೆಗೆದು ಕ್ಲಚ್ಚಿನ ಮ್ಯಾಗ್ನೆಟ್ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆದೆ. 12 ವೋಲ್ಟ್ ಗಾಡಿಯಲ್ಲಿ ಸಾಮಾನ್ಯವಾಗಿ 3ರಿಂದ 5 ಓಮ್. ಅಗ್ಗದ ಮೀಟರ್ ಆದರೆ ಎರಡು ಮೊನೆ ತಾಗಿಸಿ ಅದು ತೋರಿಸುವ 0.3, 0.4 ಅನ್ನು ಕಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ತಣ್ಣಗಿದ್ದಾಗ 3.6 ಇದ್ದದ್ದು ಬಿಸಿಯಲ್ಲಿ 4.4 ಆಗಿತ್ತು. ತಾಮ್ರದ ತಂತಿ ಬಿಸಿಯಾದರೆ ಹೀಗೆ ಏರುವುದು ಸಹಜ, ಕಾಯಿಲ್ ಕೆಟ್ಟಿಲ್ಲ. ಆದರೆ ಕರೆಂಟ್ ಸುಮಾರು ಐದನೇ ಒಂದು ಭಾಗ ಇಳಿದು ಮ್ಯಾಗ್ನೆಟ್ ಎಳೆತ ಕಡಿಮೆಯಾಗುತ್ತದೆ. ಹಳೆ ಗಾಡಿಯಲ್ಲಿ ಪ್ಲೇಟ್ ಸವೆದು ಪುಲ್ಲಿಯಿಂದ ದೂರ ಹೋಗಿದ್ದರೆ ಆ ಎಳೆತ ಸಾಲುವುದಿಲ್ಲ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ 0.9 ಮಿಮೀ ಸಂದು! ಹೆಚ್ಚಿನ ಕಂಪ್ರೆಸರ್‌ಗಳಲ್ಲಿ ಇದು 0.3–0.6 ಇರಬೇಕು. ನಟ್ಟು ಬಿಚ್ಚಿ, ಪ್ಲೇಟ್ ಹಿಂದಿನ ತೆಳು ಶಿಮ್ (ವಾಷರ್) ಒಂದನ್ನು ತೆಗೆದು ಕೂರಿಸಿದ ಮೇಲೆ ಕೊಪ್ಪಳದ ಬಿಸಿಲಲ್ಲೂ ಟಕ್ ಅಂತ ಹಿಡಿಯುತ್ತಿದೆ. ಬೆಲ್ಟ್ ಹತ್ತಿರ ಕೈ ಹಾಕುವಾಗ ಕೀ ಜೇಬಿನಲ್ಲೇ ಇರಲಿ.

ಇಷ್ಟಾದರೂ ಗೇಜ್ ಬೇಡ ಅನ್ನಲಾರೆ. ಕ್ಲಚ್ ಗಟ್ಟಿಯಾಗಿ ಹಿಡಿದೂ ತಂಪು ಬಾರದಿದ್ದರೆ ಮಲ್ಟಿಮೀಟರ್‌ಗೆ ಅಲ್ಲಿ ಕೆಲಸವಿಲ್ಲ. ಗ್ಯಾಸ್ ತುಂಬುವ ಮುನ್ನ ಪಂಪ್ ಹಾಕಿ ಒಳಗಿನ ಗಾಳಿ ತೆಗೆಯುವಾಗಲೂ (ವ್ಯಾಕ್ಯೂಮ್) ಗೇಜೇ ಗತಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡವೇ ಕಡಿಮೆ, ಅಲ್ಲಿ ಮುಳ್ಳು 27 ಇಂಚಿನ (ಪಾದರಸದ ಅಳತೆ) ಹತ್ತಿರವೇ ನಿಲ್ಲುತ್ತದೆ. ಮಂಗಳೂರಿನ ಹಾಗೆ 29 ದಾಟಲಿಲ್ಲ ಅಂತ ಪಂಪ್ ಮೇಲೆ ತಪ್ಪು ಹೊರಿಸಬೇಡಿ.

ಕಂಪ್ರೆಸರ್ ನಿಜವಾಗಿಯೂ ಜಾಮ್ ಆಗಿ ಎಣ್ಣೆ ಕಪ್ಪಾಗಿ ಲೋಹದ ಪುಡಿ ಬಂದಿದ್ದರೆ ಅದೊಂದನ್ನೇ ಬದಲಾಯಿಸಿ ಪ್ರಯೋಜನವಿಲ್ಲ. ಡ್ರೈಯರ್ (ತೇವ ಹೀರುವ ಡಬ್ಬಿ) ಹೊಸದು, ಪೈಪೆಲ್ಲ ಫ್ಲಶ್, ಕಂಡೆನ್ಸರ್ ಕೂಡ ಬಹುತೇಕ ಹೊಸದೇ. ಅಂಗಡಿಯವರು ಕೊಡುವ ರೇಟಿನಲ್ಲಿ ಇವೆಲ್ಲ ಸೇರಿವೆಯಾ ಅಂತ ಮೊದಲೇ ಕೇಳಿ.