ಒಂದೂವರೆ ವರ್ಷ ಆನ್‌ಲೈನ್‌ನಲ್ಲಿ ಜರ್ಮನ್ ಕಲಿತ ಮೇಲೆ ಬರೆಯುತ್ತಿದ್ದೇನೆ

ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಅಣ್ಣನ ಮಗಳು ಜರ್ಮನಿಯಲ್ಲೇ ಹುಟ್ಟಿ ಬೆಳೆದವಳು. ವಿಡಿಯೊ ಕಾಲ್ ಮಾಡಿದರೆ ಅವಳು ನಗುವುದು, ನಾನು ನಗುವುದು, ಇಷ್ಟೇ ಆಗುತ್ತಿತ್ತು. ಅದಕ್ಕೇ ಅಲ್ಲಿನ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಭಾಷಾ ಕೋರ್ಸ್ ಸೇರಿದೆ. ಏನೂ ಗೊತ್ತಿಲ್ಲದವರ ಮೊದಲ ಹಂತ ಎ1ರಿಂದ ಶುರು ಮಾಡಿ ಈಗ ಮೂರನೇ ಹಂತ ಬಿ1ರ ಅರ್ಧಕ್ಕೆ ಬಂದಿದ್ದೇನೆ. ಒಂದು ತಿಂಗಳು ನೋಡಿ ವಿಮರ್ಶೆ ಬರೆಯುವುದು ಬೇಡ ಅಂತ ಇಷ್ಟು ದಿನ ಕಾದೆ.

ಮೊದಲು ಮೊಬೈಲ್ ಆ್ಯಪ್‌ನಲ್ಲಿ ಕಲಿಯುತ್ತಿದ್ದೆ. ಪದ ಗೊತ್ತಾಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಇಲ್ಲಿ ಪ್ರತಿ ವಾರ ಒಂದು ಕೆಲಸ ಕೊಡುತ್ತಾರೆ, ಅದನ್ನು ನಿಜವಾಗಿ ಮಾಡಬೇಕು. ಮಾಡು, ಏನಾಯ್ತು ಅಂತ ಯೋಚಿಸು, ಅದರಿಂದ ನಿಯಮ ಹುಡುಕು, ಮತ್ತೆ ಮಾಡಿ ನೋಡು. ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಅನುಭವದ ಕಲಿಕೆಯ ಚಕ್ರ ಇದು ಅಂತ ಮೇಡಂ ಮೊದಲ ದಿನವೇ ಹೇಳಿದ್ದರು. ಅಡುಗೆಮನೆ ಪಾಠದಲ್ಲಿ ಅದು ಅರ್ಥವಾಯ್ತು. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಹುಡುಗಿ ಅನ್ನುವ ಪದವೂ ನಪುಂಸಕಲಿಂಗ! ನಮ್ಮಲ್ಲೂ ಮೂರು ಲಿಂಗ ಇವೆ, ಆದರೆ ಅರ್ಥ ನೋಡಿದರೇ ತಿಳಿಯುತ್ತದೆ ಅಲ್ವಾ. ಪಟ್ಟಿ ಬಾಯಿಪಾಠ ಮಾಡಿ ಎರಡು ಸಲ ಮರೆತಿದ್ದೆ. ಒಂದೊಂದನ್ನೇ ಕೈಗೆತ್ತಿಕೊಂಡು, ಕ್ಯಾಮೆರಾ ಆ ಕಡೆ ಇದ್ದವರ ಜೊತೆ ಕೊಡು, ತಗೋ ಅಂತ ಮಾತಾಡಿದ ಮೇಲೆ ಉಳಿಯಿತು.

ನನಗೆ ತುಂಬಾ ಇಷ್ಟವಾದದ್ದು ಹೋದ ಚಳಿಗಾಲದ ಒಂದು ತರಗತಿ. ಅಲ್ಲಿ ಸಂಜೆ 6 ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 9:30. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದೆ ಹಾಕಿದರೆ 10:30. ಸರಿಯಾಗಿ ಅಡಿಕೆ ಸುಲಿಯುವ ಸಮಯ. ನಿಮ್ಮೂರಿನ ಒಂದು ಕೆಲಸವನ್ನು ಮೊದಲಿನಿಂದ ಕೊನೆತನಕ ವಿವರಿಸಿ ಅಂತ ಆ ವಾರದ ಪಾಠ ಇತ್ತು. ಫೋನ್ ಅಂಗಳಕ್ಕೆ ತಿರುಗಿಸಿ ಮೆಟ್ಟುಗತ್ತಿ ಮುಂದೆ ಕೂತವರನ್ನು, ಹಂಡೆಯಲ್ಲಿ ಬೇಯುತ್ತಿದ್ದ ಅಡಿಕೆಯನ್ನು ತೋರಿಸಿದೆ. ಚೊಗರು ಅನ್ನುವುದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಅಡಿಕೆ ಬೇಯಿಸಿದ ಕೆಂಪು ನೀರು, ಬಣ್ಣ ಬರಲಿ ಅಂತ ಮತ್ತೆ ಬಳಸುತ್ತೇವೆ ಅಂತ ಸುತ್ತಿ ಬಳಸಿ ಹೇಳಿದೆ, ಅವತ್ತೇ ಮೊದಲ ಸಲ ಕಾಗದ ನೋಡದೆ ಅಷ್ಟುದ್ದ ಮಾತಾಡಿದ್ದು. ಸುಲಿಯುತ್ತಿದ್ದ ಅಕ್ಕ ಒಬ್ಬರು, "ಅವ್ರಲ್ಲೂ ಹೀಗೇ ರಾತ್ರಿ ಕೆಲ್ಸ ಇರತ್ತಾ ಕೇಳಿ ಮಾರಾಯ್ರೆ" ಅಂದರು. ಕೇಳಿದೆ. ಕೀನ್ಯಾದ ಸಹಪಾಠಿ ಅವರೂರಿನ ಕಾಫಿ ಕೊಯ್ಲಿನ ಬಗ್ಗೆ ಹೇಳಿದರು, ಬ್ರೆಜಿಲ್‌ನ ನರ್ಸ್ ರಾತ್ರಿ ಪಾಳಿಯ ಬಗ್ಗೆ. ಎರಡನ್ನೂ ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

ವ್ಯಾಕರಣ ಕಷ್ಟ, ಆದರೆ ಕನ್ನಡದವರಿಗೆ ಒಂದು ಕಡೆ ಸಹಾಯ ಆಗುತ್ತದೆ. "ವೈಲ್" ಅಂತ ಕಾರಣ ಹೇಳಲು ಹೊರಟರೆ ಕ್ರಿಯಾಪದ ಕೊನೆಗೆ ಹೋಗುತ್ತದೆ. "ವೈಲ್ ಎಸ್ ಹಾಯ್ಟೆ ಷ್ಟಾರ್ಕ್ ರೇಗ್ನೆಟ್", ಯಾಕಂದ್ರೆ ಇವತ್ತು ಜೋರಾಗಿ ಮಳೆ ಬರುತ್ತಿದೆ, ಪದಗಳ ಸಾಲು ನಮ್ಮದರ ಹಾಗೇ. ಜುಲೈನಲ್ಲಿ ಅಣ್ಣನ ಮಗಳು ಯಾಕೆ ತೋಟ ತೋರಿಸುತ್ತಿಲ್ಲ ಅಂತ ಕೇಳಿದಾಗ ನನ್ನ ಬಾಯಿಂದ ತಾನಾಗೇ ಬಂದದ್ದು ಇದೇ ವಾಕ್ಯ.

ಈಗ ಬೇಜಾರಿನ ವಿಷಯ. ಲೈವ್ ತರಗತಿಗೆ ಹಾಜರಾತಿ ಕಡ್ಡಾಯ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕು. ಮೇಲ್ ಬರೆದರೆ ನಿಯಮದ ಪಟ್ಟಿ ಕಳಿಸಿದರು. ಅದಕ್ಕಿಂತ ನೋವಾಗಿದ್ದು, ಸೆಮಿಸ್ಟರ್ ಮುಗಿದ ಮರುವಾರ ನಮ್ಮ ತಂಡದ ಚಾಟ್, ರೆಕಾರ್ಡಿಂಗ್ ಎಲ್ಲ ಮುಚ್ಚಿದ್ದು. ಅಡಿಕೆ ಅಂಗಳದ ಆ ತರಗತಿಯೂ ಹೋಯ್ತು. ಇಷ್ಟು ಜನರನ್ನು ಒಂದುಗೂಡಿಸಿ, ಮೊದಲೇ ಹೇಳದೆ ಹೀಗೆ ಮಾಡಬಾರದು.

ನಾವು ಏಳು ಜನ ವಾಟ್ಸಾಪ್‌ನಲ್ಲಿ ಮತ್ತೆ ಸೇರಿದೆವು. ಭಾನುವಾರ ಒಂದು ಗಂಟೆ ಜರ್ಮನ್‌ನಲ್ಲೇ ಮಾತು, ತಪ್ಪಾದರೆ ಒಬ್ಬರಿಗೊಬ್ಬರು ತಿದ್ದುತ್ತೇವೆ. ಈಗ ಮೇಡಂ ಕೂಡ ಆಗಾಗ ಬರುತ್ತಾರೆ. ಕನ್ನಡಕ್ಕೆ ನಿಘಂಟು ಮಾಡಿದ ಕಿಟೆಲ್ ಜರ್ಮನಿಯವರು, 1894ರಲ್ಲಿ ಅದು ಅಚ್ಚಾಯ್ತು ಅಂತ ನಾನು ಹೇಳಿದ ದಿನ, ಒಂದು ಗಂಟೆ ಪೂರ್ತಿ ಅದೇ ಮಾತಾಯ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಸುಮ್ನೆ ಸರ್ಟಿಫಿಕೇಟ್ ಸಾಕು ಅನ್ನುವವರಿಗೆ ಇಲ್ಲಿ ಕೆಲಸ ಜಾಸ್ತಿ. ಸೇರುವವರು ಮೂರು ವಿಷಯ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ: ಎಷ್ಟು ತರಗತಿ ತಪ್ಪಿಸಬಹುದು, ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ, ಯುರೋದಲ್ಲಿ ಕಟ್ಟುವ ಶುಲ್ಕದ ಮೇಲೆ ಬ್ಯಾಂಕ್ ಎಷ್ಟು ಹಿಡಿಯುತ್ತದೆ. ಸಹಪಾಠಿಗಳ ನಂಬರ್ ಮಾತ್ರ ಮೊದಲ ತಿಂಗಳಲ್ಲೇ ತಗೊಳ್ಳಿ.